ಡೇರಿ ಪುಸ್ತಕ ಬರೆಯುವ ಊರಿಗೆ ಅನುದಾನದ ಲೆಕ್ಕ ಕಷ್ಟವಲ್ಲ

ಹೋದ ಭಾನುವಾರ ಪಾಂಡವಪುರ ಕಡೆಯ ಒಂದು ಮಹಿಳಾ ಸಂಘದವರು ಮನೆಗೆ ಬಂದಿದ್ದರು. ಐದು ಜನ. ಕೈಯಲ್ಲಿ ಒಂದು ಪ್ಲಾಸ್ಟಿಕ್ ಕವರು. ಅದರೊಳಗೆ ಸಂಘದ ನೋಂದಣಿ ಪತ್ರ, ಮಾಸಿದ ಎರಡು ಫೋಟೋ, ಯಾರೋ ಟೈಪ್ ಮಾಡಿಸಿಕೊಟ್ಟ ಒಂದು ಅರ್ಜಿ. "ಎಲ್ಲಾದ್ರೂ ಗ್ರಾಂಟ್ ಸಿಕ್ತದಾ ನೋಡಕ್ಕ, ನಿಮಗೆ ಇದೆಲ್ಲ ಗೊತ್ತಂತೆ" ಅಂದರು.

ಇವರು ಮಾಡುತ್ತಿರುವ ಕೆಲಸ ಕೇಳಿದರೆ ಎದೆ ತುಂಬಿ ಬರುತ್ತದೆ. ಊರಿನಲ್ಲಿ ಮಕ್ಕಳು ಬೆಂಗಳೂರು ಸೇರಿ ಒಂಟಿಯಾಗಿ ಉಳಿದ 12 ಜನ ಅಜ್ಜ ಅಜ್ಜಿಯರಿಗೆ ದಿನಾ ಮಧ್ಯಾಹ್ನ ಮುದ್ದೆ, ಸೊಪ್ಪಿನ ಸಾರು, ಅನ್ನ. ನಾಲ್ಕು ವರ್ಷದಿಂದ ಒಂದು ದಿನವೂ ತಪ್ಪಿಸಿಲ್ಲ. ಹಬ್ಬದ ದಿನ ಪಾಯಸ. ನಡೆಯೋಕೆ ಆಗದವರ ಮನೆಗೆ ಕ್ಯಾರಿಯರ್‌ನಲ್ಲಿ ಹೋಗುತ್ತದೆ. ಆದರೆ ಆ ಅರ್ಜಿ ಓದಿದೆ, ಅದರಲ್ಲಿ ಇದು ಒಂದು ಸಾಲೂ ಇಲ್ಲ! "ವೃದ್ಧಾಶ್ರಮ ಕಟ್ಟಡ ನಿರ್ಮಾಣಕ್ಕೆ 25 ಲಕ್ಷ ರೂಪಾಯಿ ಮಂಜೂರು ಮಾಡಬೇಕಾಗಿ ವಿನಂತಿ" ಅಂತ ಇದೆ. ಕಟ್ಟಡ ಬೇಕಾ ಅಂತ ಕೇಳಿದೆ. ಬೇಡ, ಅಜ್ಜಿಯರು ಅವರವರ ಮನೆ ಬಿಟ್ಟು ಬರೋದಿಲ್ಲ ಅಂದರು. ಮತ್ತೆ ಯಾಕೆ ಹೀಗೆ ಬರೆಸಿದಿರಿ? "ಕಟ್ಟಡ ಅಂದ್ರೇನೇ ದುಡ್ಡು ಕೊಡೋದು ಅಂದ್ರು ಟೈಪ್ ಮಾಡೋರು."

ಆವತ್ತೇ ಅಂದುಕೊಂಡೆ, ಇದನ್ನು ಬರೆದೇ ಬಿಡಬೇಕು ಅಂತ. ನಮ್ಮ ಮಂಡ್ಯ, ಮೈಸೂರು ಜಿಲ್ಲೆಗಳಲ್ಲಿ ಒಳ್ಳೆಯ ಕೆಲಸಕ್ಕೆ ಕೊರತೆಯಿಲ್ಲ. ಹಣ ಕೊಡುವವರೂ ನಾವು ಅಂದುಕೊಂಡಿದ್ದಕ್ಕಿಂತ ಜಾಸ್ತಿ ಇದ್ದಾರೆ. ಮಧ್ಯೆ ಕಡಿದು ಹೋಗಿರುವುದು ಕಾಗದ. ಮಾಡಿದ್ದನ್ನು ಬರೆದಿಟ್ಟುಕೊಂಡವರಿಗೆ ಅನುದಾನ ಸಿಗುತ್ತದೆ, ಬರೆದಿಡದವರಿಗೆ ಎಷ್ಟೇ ಅಗತ್ಯವಿದ್ದರೂ ಸಿಗುವುದಿಲ್ಲ. ನನಗೆ ಇದು ಅನ್ಯಾಯ ಅನ್ನಿಸುತ್ತದೆ, ಆದರೂ ಇರೋದು ಹೀಗೇ.

ನಾವೇ ಇದರಲ್ಲಿ ಪೆಟ್ಟು ತಿಂದಿದ್ದೇವೆ. ಕಬ್ಬು ಕಡಿಯೋಕೆ ಬಳ್ಳಾರಿ ಕಡೆಯಿಂದ ಬರುವ ಕುಟುಂಬಗಳ ಮಕ್ಕಳಿಗೆ ಸಂಜೆ ಪಾಠ ಹೇಳಿಕೊಡೋಣ ಅಂತ ನಾವು ಏಳೆಂಟು ಜನ ಸೇರಿ ಶುರು ಮಾಡಿದ ಸಂಘ ನಮ್ಮದು. ಜೊತೆಗೆ ಒಂದು ಚಿಕ್ಕ ಗ್ರಂಥಾಲಯ. ಐದನೇ ವರ್ಷಕ್ಕೆ ಒಂದು ಕಂಪನಿಯವರು ಬಂದು ನೋಡಿ, ಮಕ್ಕಳ ಜೊತೆ ಕೂತು ಮಾತಾಡಿ, ಕೊಡ್ತೀವಿ ಅಂದರು. ಮೂರು ವರ್ಷದ ಆಡಿಟ್ ವರದಿ, ನವೀಕರಣ ಆದ ಪತ್ರ ಕಳಿಸಿ ಅಂದರು. ನಮ್ಮ ಹತ್ತಿರ ಒಂದೇ ವರ್ಷದ ಆಡಿಟ್ ಇತ್ತು. ಮೂರು ವರ್ಷದಿಂದ ನೋಂದಣಾಧಿಕಾರಿ ಕಚೇರಿಗೆ ಆಡಳಿತ ಮಂಡಳಿಯ ಪಟ್ಟಿ ಕೊಟ್ಟಿರಲಿಲ್ಲ. ದಂಡ ಕಟ್ಟಿ, ಆಡಿಟರ್ ಹತ್ತಿರ ಓಡಾಡಿ, ಹಳೆಯ ರಶೀದಿ ಹುಡುಕಿ ಎಲ್ಲ ಸರಿ ಮಾಡುವಷ್ಟರಲ್ಲಿ ಆ ವರ್ಷದ ಹಣ ಬೇರೆ ಕಡೆ ಹೋಗಿತ್ತು. ಆ ಸುಗ್ಗಿಯಲ್ಲಿ ಬಂದ ಮಕ್ಕಳಿಗೆ ಪುಸ್ತಕ ಕೊಡಲಾಗಲಿಲ್ಲ. ಅದು ಈಗಲೂ ನನ್ನ ಮನಸ್ಸಿನಲ್ಲಿ ಕೊರೆಯುತ್ತದೆ.

ಹಾಗಾಗಿ ಯಾರೇ ಬಂದು ಅನುದಾನ ಎಲ್ಲಿ ಸಿಗುತ್ತದೆ ಅಂದರೂ ನಾನು ಮೊದಲು ಕೇಳೋದು ನಿಮ್ಮ ಪುಸ್ತಕ ಎಲ್ಲಿ ಅಂತ.

ಸಂಘ ಅಂದರೆ ಸಾಮಾನ್ಯವಾಗಿ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಕೆಳಗೆ ನೋಂದಣಿ ಆಗಿರುತ್ತದೆ. ಕನಿಷ್ಠ ಏಳು ಜನ ಸದಸ್ಯರು ಬೇಕು. ಟ್ರಸ್ಟ್ ಆದರೆ ಅದಕ್ಕೆ ಬೇರೆ ದಾರಿ, ಡೀಡ್ ಬರೆಸಿ ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸುತ್ತಾರೆ. ನೋಂದಣಿ ಆದ ದಿನ ಎಲ್ಲರೂ ಸ್ವೀಟ್ ಹಂಚುತ್ತಾರೆ. ಆಮೇಲೆ ಮರೆತುಬಿಡುತ್ತಾರೆ! ಸಂಘಕ್ಕೆ ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ ಆಗಬೇಕು, ನಡಾವಳಿ ಪುಸ್ತಕದಲ್ಲಿ ಸಹಿ ಬೀಳಬೇಕು, ಆಡಳಿತ ಮಂಡಳಿಯ ಪಟ್ಟಿ ಮತ್ತು ಆಡಿಟ್ ಆದ ಲೆಕ್ಕ ಜಿಲ್ಲಾ ನೋಂದಣಾಧಿಕಾರಿಗೆ ಹೋಗಬೇಕು. ಇದನ್ನೇ ನಮ್ಮ ಕಡೆ ನವೀಕರಣ ಅನ್ನೋದು. ಸಂಘದ ಹೆಸರಿನಲ್ಲೇ ಪ್ಯಾನ್ ಕಾರ್ಡ್, ಸಂಘದ ಹೆಸರಿನಲ್ಲೇ ಬ್ಯಾಂಕ್ ಖಾತೆ, ಇಬ್ಬರ ಜಂಟಿ ಸಹಿ. ಅಧ್ಯಕ್ಷರ ಸ್ವಂತ ಖಾತೆಗೆ ದೇಣಿಗೆ ಹಾಕಿಸಿಕೊಳ್ಳುವುದನ್ನು ದಯವಿಟ್ಟು ಇವತ್ತೇ ನಿಲ್ಲಿಸಿ. ಅಧ್ಯಕ್ಷರು ದೇವರಂಥವರೇ ಇರಬಹುದು, ಹಣ ಕೊಡುವವರಿಗೆ ಅದು ಹೇಗೆ ಗೊತ್ತಾಗಬೇಕು?

ಲೆಕ್ಕ ಬರೆಯೋದು ಹಳ್ಳಿಯವರಿಗೆ ಬರೋದಿಲ್ಲ ಅನ್ನೋ ಮಾತನ್ನು ನಾನು ಒಪ್ಪೋದೇ ಇಲ್ಲ. ಬೆಳಗ್ಗೆ ಐದೂವರೆಗೆ ಡೇರಿ ಮುಂದೆ ಕ್ಯಾನ್ ಹಿಡಿದು ನಿಲ್ಲುವ ನಮ್ಮ ಹೆಣ್ಣುಮಕ್ಕಳಿಗೆ ಲೀಟರ್ ಎಷ್ಟು, ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ (ಹಾಲಿನಲ್ಲಿ ಕೊಬ್ಬು ಬಿಟ್ಟು ಉಳಿದ ಘನಾಂಶ) ಎಷ್ಟು, ಬಟವಾಡೆಯಲ್ಲಿ ಹಿಂಡಿ ದುಡ್ಡು ಎಷ್ಟು ಹಿಡಿದರು ಅಂತ ಬಾಯಲ್ಲೇ ಇರುತ್ತದೆ. ಪುಸ್ತಕದಲ್ಲಿ ಹತ್ತು ಪೈಸೆ ಹೆಚ್ಚುಕಮ್ಮಿ ಆದರೆ ಕಾರ್ಯದರ್ಶಿಯನ್ನು ಬಿಡೋದಿಲ್ಲ. ಸಂಘದ ಕ್ಯಾಶ್ ಬುಕ್ ಅದಕ್ಕಿಂತ ಕಷ್ಟದ್ದಲ್ಲ. ಬಂದಿದ್ದು ಎಡಕ್ಕೆ, ಹೋಗಿದ್ದು ಬಲಕ್ಕೆ, ಪ್ರತಿಯೊಂದಕ್ಕೂ ಬಿಲ್ಲು ಅಥವಾ ಓಚರ್, ಅಷ್ಟೇ. ಸಂತೆಯಲ್ಲಿ ಸೊಪ್ಪು ತಂದರೆ ಬಿಲ್ ಎಲ್ಲಿ ಸಿಗುತ್ತದೆ? ಸಿಗೋದಿಲ್ಲ. ಆಗ ಓಚರ್ ಬರೆದು ಮಾರಿದವರ ಸಹಿನೋ ಹೆಬ್ಬೆಟ್ಟೋ ತೆಗೆದುಕೊಂಡರೆ ಆಯಿತು.

ಇದಾದ ಮೇಲೆ ಆದಾಯ ತೆರಿಗೆಯ 12ಎ ಮತ್ತು 80ಜಿ. 2025ರ ಹೊಸ ಆದಾಯ ತೆರಿಗೆ ಕಾಯ್ದೆಯಲ್ಲಿ ಈ ಸೆಕ್ಷನ್‌ಗಳ ಸಂಖ್ಯೆ ಬದಲಾಗಿದೆ, ಆದರೆ ಎಲ್ಲರ ಬಾಯಲ್ಲೂ ಹಳೆಯ ಹೆಸರೇ ಇದೆ. ಮೊದಲನೆಯದು ಸಂಸ್ಥೆಯ ಆದಾಯಕ್ಕೆ ತೆರಿಗೆ ವಿನಾಯಿತಿ, ಎರಡನೆಯದು ನಿಮಗೆ ಕೊಡುವವರಿಗೆ ವಿನಾಯಿತಿ. ಹೊಸ ಸಂಸ್ಥೆಗೆ ಮೊದಲು 3 ವರ್ಷಕ್ಕೆ ತಾತ್ಕಾಲಿಕ ನೋಂದಣಿ ಸಿಗುತ್ತದೆ. ಕೆಲಸ ಶುರುವಾದ ಮೇಲೆ ಪೂರ್ಣ ನೋಂದಣಿ ಮಾಡಿಸಿಕೊಳ್ಳೋಕೆ ಮತ್ತೆ ಅರ್ಜಿ ಹಾಕಬೇಕು, ಇದನ್ನು ಮರೆತು ನೋಂದಣಿ ಕಳೆದುಕೊಂಡವರನ್ನು ನೋಡಿದ್ದೇನೆ. ಊರಿನ ದಾನಿಗಳಿಗೆ ಎರಡು ವಿಷಯ ಮೊದಲೇ ಹೇಳಿಬಿಡಿ. 2,000 ರೂಪಾಯಿ ಮೀರಿ ನಗದು ಕೊಟ್ಟರೆ 80ಜಿ ಲಾಭ ಇಲ್ಲ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೂ ಇಲ್ಲ. ಕೊಟ್ಟ ಮೇಲೆ ಗೊತ್ತಾದರೆ ಬೇಸರ ಮಾಡಿಕೊಳ್ಳುತ್ತಾರೆ, ಅಲ್ವಾ.

ಕೇಂದ್ರ ಸರ್ಕಾರದ ಯಾವ ಅನುದಾನ ಕೇಳಬೇಕಾದರೂ ನೀತಿ ಆಯೋಗದ ಎನ್‌ಜಿಒ ದರ್ಪಣ್ ಪೋರ್ಟಲ್‌ನಲ್ಲಿ ಒಂದು ಗುರುತಿನ ಸಂಖ್ಯೆ ಬೇಕು. ಇದಕ್ಕೆ ಶುಲ್ಕ ಇಲ್ಲ. ಮಾಡಿಸಿಕೊಡ್ತೀನಿ ಅಂತ ಸಾವಿರಗಟ್ಟಲೆ ಕೇಳುವವರಿಗೆ ಕೊಡಬೇಡಿ.

ಈಗ ಹಣ ಎಲ್ಲಿದೆ ಅನ್ನೋ ವಿಷಯಕ್ಕೆ ಬರ್ತೀನಿ. ನಾಟಕ, ಜನಪದ, ತಮಟೆ, ಪೂಜಾ ಕುಣಿತ, ರಂಗತರಬೇತಿ ಅಂತ ಕೆಲಸ ಮಾಡುವ ಸಂಘಗಳು ಮೊದಲು ನೋಡಬೇಕಾದ್ದು ಕನ್ನಡ ಮತ್ತು ಸಂಸ್ಕೃತಿ ಇಲಾಖೆಯನ್ನು. ಸಂಘ ಸಂಸ್ಥೆಗಳಿಗೆ ಧನಸಹಾಯ ಅಂತ ಅರ್ಜಿ ಕರೆಯುತ್ತಾರೆ, ಅರ್ಜಿ ಹಾಕೋದು ಸೇವಾ ಸಿಂಧು ಮೂಲಕ. ಮೈಸೂರಿನವರಿಗೆ ಕಲಾಮಂದಿರದ ಆವರಣದಲ್ಲೇ ಕಚೇರಿ ಇದೆ. ಪ್ರಕಟಣೆ ಪೇಪರಿನ ಮೂಲೆಯಲ್ಲಿ ಚಿಕ್ಕದಾಗಿ ಬಂದು ಹೋಗಿಬಿಡುತ್ತದೆ, ಅದಕ್ಕೆ ಪ್ರತಿ ಸಂಘದಲ್ಲೂ ಇದನ್ನು ನೋಡೋಕೆ ಅಂತಲೇ ಒಬ್ಬರು ಇರಲಿ. ಕೊಡುವ ಮೊತ್ತ ದೊಡ್ಡದಿರದೇ ಇರಬಹುದು. ಆದರೆ ಒಮ್ಮೆ ಸರ್ಕಾರದ ಹಣ ಪಡೆದು, ಸರಿಯಾಗಿ ಖರ್ಚು ಮಾಡಿ, ಬಳಕೆ ಪ್ರಮಾಣಪತ್ರ ಕೊಟ್ಟಿದ್ದೀರಿ ಅಂದರೆ ಮುಂದಿನ ಬಾಗಿಲು ತಟ್ಟುವಾಗ ಅದೇ ನಿಮ್ಮ ಶಿಫಾರಸು ಪತ್ರ.

ಕಲೆಯ ವಿಷಯದಲ್ಲೇ ಇನ್ನೊಂದು ಹೇಳಲೇಬೇಕು. ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ 1993ರಲ್ಲಿ ಶುರುವಾಗಿ 1995ರಿಂದ ಅನುದಾನ ಕೊಡುತ್ತಾ ಬಂದಿದೆ. ಅವರಿಗೆ ಕನ್ನಡದಲ್ಲೇ ಅರ್ಜಿ ಬರೆಯಬಹುದು! ಇಂಗ್ಲಿಷ್ ಬರೋದಿಲ್ಲ ಅಂತ ಹಿಂದೆ ಸರಿಯೋ ನಮ್ಮವರಿಗೆ ಇದು ಎಷ್ಟು ದೊಡ್ಡ ವಿಷಯ ಅಂತ ಬೇರೆ ಹೇಳಬೇಕಿಲ್ಲ. ಕಲಿ-ಕಲಿಸು ಅನ್ನುವ ಅವರ ಕಾರ್ಯಕ್ರಮ ನಮ್ಮ ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ಕಲೆಯ ಮೂಲಕ ಪಾಠ ಮಾಡುವ ಮೇಷ್ಟ್ರುಗಳಿಗೆ, ಟೀಚರ್‌ಗಳಿಗೆ ಅಂತಲೇ ಬೆಳೆದದ್ದು.

ಅಂಗವಿಕಲರ ಶಾಲೆ, ವೃದ್ಧರ ಆರೈಕೆ ಇಂಥವಕ್ಕೆ ಕೇಂದ್ರದ ಸಾಮಾಜಿಕ ನ್ಯಾಯ ಸಚಿವಾಲಯದ ಯೋಜನೆಗಳಿವೆ, ಇ-ಅನುದಾನ್ ಪೋರ್ಟಲ್ ಮೂಲಕ ಹೋಗುತ್ತವೆ. ದೊಡ್ಡ ಮಟ್ಟದ ಕೆಲಸಕ್ಕೆ ಅದು, ತಪಾಸಣೆಯೂ ಜಾಸ್ತಿ. ಮೂರ್ನಾಲ್ಕು ವರ್ಷ ಸಣ್ಣ ಹಣ ನಿಭಾಯಿಸಿದ ಮೇಲೆ ಅತ್ತ ಹೋಗಿ ಅಂತ ನನ್ನ ಸಲಹೆ. ಶಾಸಕರ ನಿಧಿ, ಸಂಸದರ ನಿಧಿ ಕೊಠಡಿಯಂಥ ಶಾಶ್ವತ ಆಸ್ತಿಗೆ ಆಗುತ್ತದೆ, ದಿನದ ಖರ್ಚಿಗೆ ಆಗೋದಿಲ್ಲ.

ಇನ್ನು ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ, ಅಂದರೆ ಸಿಎಸ್‌ಆರ್ ಹಣ. ಎಲ್ಲರೂ ಕೇಳುವುದು ಇದನ್ನೇ, ತಪ್ಪು ತಿಳಿದಿರುವುದೂ ಇದರ ಬಗ್ಗೆಯೇ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ ನಿವ್ವಳ ಮೌಲ್ಯ 500 ಕೋಟಿ, ಇಲ್ಲವೇ ವಹಿವಾಟು 1,000 ಕೋಟಿ, ಇಲ್ಲವೇ ನಿವ್ವಳ ಲಾಭ 5 ಕೋಟಿ ರೂಪಾಯಿ, ಈ ಮೂರರಲ್ಲಿ ಯಾವುದಾದರೂ ಒಂದು ಮುಟ್ಟಿದ ಕಂಪನಿ ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ 2% ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. 5 ಕೋಟಿ ಲಾಭ ಅಂದರೆ ಬರೀ ದೊಡ್ಡ ದೊಡ್ಡ ಹೆಸರುಗಳಲ್ಲ. ಮೈಸೂರು ಕಡೆ ನಂಜನಗೂಡು, ಹೆಬ್ಬಾಳ, ಹೂಟಗಳ್ಳಿ, ಈ ಮಂಡ್ಯ ಕಡೆ ತೂಬಿನಕೆರೆ, ಸೋಮನಹಳ್ಳಿ ಕೈಗಾರಿಕಾ ಪ್ರದೇಶಗಳಲ್ಲಿ ಹೆಸರೇ ಕೇಳದ ಎಷ್ಟೋ ಕಂಪನಿಗಳಿವೆ, ಅವುಗಳಲ್ಲಿ ಈ ಗೆರೆ ದಾಟಿದವೂ ಇರಬಹುದು. ಕಾರ್ಖಾನೆ ಇರುವ ಸುತ್ತಮುತ್ತಲಿನ ಪ್ರದೇಶಕ್ಕೆ ಆದ್ಯತೆ ಕೊಡಿ ಅಂತ ಕಾಯ್ದೆಯಲ್ಲೇ ಬರೆದಿದೆ. ಯಾವ ಕೆಲಸಕ್ಕೆ ಕೊಡಬಹುದು ಅಂತ ಅದೇ ಕಾಯ್ದೆಯ ಏಳನೇ ಅನುಸೂಚಿಯಲ್ಲಿದೆ. ಶಿಕ್ಷಣ, ಹಸಿವು, ಆರೋಗ್ಯ, ಪರಿಸರ, ಗ್ರಾಮೀಣ ಕ್ರೀಡೆ, ಸಾರ್ವಜನಿಕ ಗ್ರಂಥಾಲಯ ಎಲ್ಲ ಬರುತ್ತದೆ. ಗ್ರಂಥಾಲಯ ಅಲ್ಲಿದೆ ಅಂತ ಗೊತ್ತಾದ ದಿನ ನಮಗಾದ ಖುಷಿ ಅಷ್ಟಿಷ್ಟಲ್ಲ.

ಸಿಎಸ್‌ಆರ್ ಹಣ ಪಡೆಯೋಕೆ 2021ರ ಏಪ್ರಿಲ್‌ನಿಂದ ಸಿಎಸ್‌ಆರ್-1 ಅನ್ನುವ ನೋಂದಣಿ ಕಡ್ಡಾಯ. ನಮ್ಮಂಥ ಸ್ವತಂತ್ರ ಸಂಸ್ಥೆಗೆ 12ಎ, 80ಜಿ ಇರಬೇಕು, ಅದೇ ರೀತಿಯ ಕೆಲಸದಲ್ಲಿ ಕನಿಷ್ಠ 3 ವರ್ಷದ ಅನುಭವ ಇರಬೇಕು. ಆ ಮೂರು ವರ್ಷ ಅಂದರೆ ಮೂರು ವರ್ಷದ ಪುಸ್ತಕ, ನೆನಪಿರಲಿ. ಯಾವ ಕಂಪನಿ ಯಾವ ಜಿಲ್ಲೆಯಲ್ಲಿ ಯಾವ ಕೆಲಸಕ್ಕೆ ಎಷ್ಟು ಕೊಟ್ಟಿದೆ ಅಂತ ಸರ್ಕಾರದ ಸಿಎಸ್‌ಆರ್ ಪೋರ್ಟಲ್‌ನಲ್ಲಿ ಯಾರು ಬೇಕಾದರೂ ನೋಡಬಹುದು. ಒಂದು ಸಂಜೆ ಕೂತು ಮಂಡ್ಯ ಜಿಲ್ಲೆಯ ಪಟ್ಟಿ ತೆಗೆದು ನೋಡಿ. ನೂರು ಕಂಪನಿಗೆ ಒಂದೇ ಪತ್ರ ಜೆರಾಕ್ಸ್ ಮಾಡಿ ಕಳಿಸುವುದಕ್ಕಿಂತ ನಿಮ್ಮಂಥ ಕೆಲಸಕ್ಕೆ ಈಗಾಗಲೇ ಕೊಟ್ಟಿರುವ ನಾಲ್ಕು ಕಂಪನಿ ಹುಡುಕಿ, ಅವರಿಗೆ ಎರಡೇ ಪುಟ ಬರೆದು, ಬಂದು ನೋಡಿ ಅಂತ ಕರೆಯುವುದು ಎಷ್ಟೋ ಮೇಲು. ಮತ್ತೆ, ಮಾರ್ಚ್‌ನಲ್ಲಿ ಓಡಬೇಡಿ. ಅವರ ವರ್ಷ ಏಪ್ರಿಲ್‌ಗೆ ಶುರು, ಆಗಲೇ ಮಾತು ಶುರುವಾಗಬೇಕು.

ಸಿಎಸ್‌ಆರ್ ಕೊಡಿಸ್ತೀನಿ ಅಂತ ಬರುವ ಮಧ್ಯವರ್ತಿಗಳ ಬಗ್ಗೆ ಎಚ್ಚರ. ನಮ್ಮ ಹತ್ತಿರವೂ ಒಬ್ಬರು ಬಂದಿದ್ದರು, ಇಸ್ತ್ರಿ ಅಂಗಿ, ಲ್ಯಾಪ್‌ಟಾಪ್, ದೊಡ್ಡ ಮಾತು. 50 ಲಕ್ಷ ಬರುತ್ತದೆ, ಮೊದಲು 40 ಸಾವಿರ ಪ್ರೊಸೆಸಿಂಗ್ ಕಟ್ಟಿ, ಹಣ ಬಂದ ಮೇಲೆ ಇಷ್ಟು ನಗದಾಗಿ ವಾಪಸ್ ಕೊಡಿ ಅಂದರು. ನಮ್ಮ ಖಜಾಂಚಿ ಅಣ್ಣ ಎದ್ದು ನಿಂತು ಕೈಮುಗಿದು ಕಳಿಸಿಬಿಟ್ಟರು. ಕೊಡುವ ಮನಸ್ಸಿರುವ ಸಂಸ್ಥೆ ನಿಮ್ಮಿಂದ ಮುಂಗಡ ಕೇಳೋದಿಲ್ಲ. ನಗದಾಗಿ ವಾಪಸ್ ಕೊಡಿ ಅಂದರೆ ನಿಮ್ಮ ಪುಸ್ತಕದಲ್ಲಿ ಸುಳ್ಳು ಖರ್ಚು ಬರೆಯಿರಿ ಅಂತ ಅರ್ಥ. ಸಹಿ ಹಾಕಿದವರು ಜೈಲಿಗೆ ಹೋಗಬೇಕಾದೀತು, ಆ ಮನುಷ್ಯ ಅಷ್ಟೊತ್ತಿಗೆ ಎಲ್ಲಿರುತ್ತಾನೋ.

ಮೈಸೂರಿನ ಗೆಳೆಯರು ಜಾಸ್ತಿ ಕೇಳುವ ಇನ್ನೊಂದು ಪ್ರಶ್ನೆ, ಅಮೆರಿಕದಲ್ಲಿರುವ ಮಗಳು ಸಂಸ್ಥೆಗೆ ಹಣ ಕಳಿಸಬಹುದಾ ಅಂತ. ಮಗಳು ಇನ್ನೂ ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡಿದ್ದು, ತನ್ನ ಸ್ವಂತ ಉಳಿತಾಯದ ಹಣವನ್ನು ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಆಗೋದಿಲ್ಲ. ಅಲ್ಲಿನ ಪೌರತ್ವ ತೆಗೆದುಕೊಂಡಿದ್ದರೆ ಆಗುತ್ತದೆ, ನಮ್ಮೂರಲ್ಲೇ ಹುಟ್ಟಿ ಬೆಳೆದವರಾದರೂ ಸರಿ. ಆಗ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ ನೋಂದಣಿ ಅಥವಾ ಮುಂಚಿತ ಅನುಮತಿ ಇಲ್ಲದೆ ಒಂದು ರೂಪಾಯಿಯನ್ನೂ ಸಂಸ್ಥೆಗೆ ತೆಗೆದುಕೊಳ್ಳುವ ಹಾಗಿಲ್ಲ. ಆ ನೋಂದಣಿಗೆ ಸಂಸ್ಥೆಗೆ 3 ವರ್ಷ ಆಗಿರಬೇಕು, ಮುಖ್ಯ ಕೆಲಸಕ್ಕೆ 15 ಲಕ್ಷ ಖರ್ಚು ಮಾಡಿರಬೇಕು, ಹಣ ಬರೋದೂ ದೆಹಲಿಯ ಸ್ಟೇಟ್ ಬ್ಯಾಂಕಿನ ಮುಖ್ಯ ಶಾಖೆಯ ಖಾತೆಗೇ. ಪ್ರೀತಿಯಿಂದ ಕಳಿಸಿದ ಹಣ ತೊಂದರೆ ತರಬಾರದು, ಮೊದಲೇ ಕೇಳಿ ತಿಳಿದುಕೊಳ್ಳಿ.

ಸಣ್ಣ ಅನುದಾನದಿಂದ ಏನಾಗುತ್ತದೆ ಅನ್ನುವವರಿಗೆ ನಾನು ಮೈರಾಡಾ ಕಥೆ ಹೇಳ್ತೀನಿ. ಟಿಬೆಟ್‌ನಿಂದ ಬಂದವರಿಗೆ ನೆಲೆ ಕಲ್ಪಿಸಲು 1968ರಲ್ಲಿ ಶುರುವಾದ ಸಂಸ್ಥೆ ಅದು, ಮೈಸೂರು ಅನ್ನೋದು ಅದರ ಹೆಸರಲ್ಲೇ ಇದೆ. ಆಮೇಲೆ ಹಳ್ಳಿಗಳಲ್ಲಿ ಒಬ್ಬರನ್ನೊಬ್ಬರು ನಂಬುವ ಬಡವರ ಚಿಕ್ಕ ಚಿಕ್ಕ ಗುಂಪುಗಳು ತಾವೇ ಉಳಿಸಿ ತಾವೇ ಸಾಲ ಕೊಟ್ಟುಕೊಳ್ಳುವುದನ್ನು ಬೆಳೆಸಿದರು. 1987ರಲ್ಲಿ ಕೃಷಿ ಮತ್ತು ಗ್ರಾಮೀಣಾಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕ್ ನಬಾರ್ಡ್ ಅವರಿಗೆ ಇದನ್ನು ಮಾಡಿ ನೋಡಿ ಅಂತ 10 ಲಕ್ಷ ರೂಪಾಯಿ ಅನುದಾನ ಕೊಟ್ಟಿತು. ಅಲ್ಲಿ ಕಂಡದ್ದರಿಂದ 1992ರಲ್ಲಿ 500 ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗ ನಬಾರ್ಡ್ ಶುರು ಮಾಡಿತು. ಇವತ್ತು ನಮ್ಮ ಪ್ರತಿ ಬೀದಿಯಲ್ಲೂ ಇರುವ ಸ್ವಸಹಾಯ ಸಂಘದ ಬೇರು ಅಲ್ಲಿದೆ. ಆ ಗುಂಪುಗಳೂ ನಡಾವಳಿ, ಉಳಿತಾಯ, ಸಾಲ ಎಲ್ಲ ಪುಸ್ತಕದಲ್ಲಿ ಬರೆದಿಟ್ಟಿದ್ದಕ್ಕೇ ಅಲ್ವಾ ಬ್ಯಾಂಕಿನವರು ನಂಬಿದ್ದು.

ಹಣ ಬಂದ ಮೇಲಿನ ಮಾತು ಸ್ವಲ್ಪ. ಯಾವುದಕ್ಕೆ ಅಂತ ಕೊಟ್ಟಿದ್ದಾರೋ ಅದಕ್ಕೇ ಖರ್ಚಾಗಬೇಕು. ಪುಸ್ತಕಕ್ಕೆ ಅಂತ ಬಂದದ್ದನ್ನು ಬಾಡಿಗೆಗೆ ತಿರುಗಿಸಬೇಕಾದರೆ ಮೊದಲೇ ಬರೆದು ಒಪ್ಪಿಗೆ ಕೇಳಿ, ಕೇಳಿದರೆ ಹೆಚ್ಚಿನವರು ಒಪ್ಪುತ್ತಾರೆ. ಸರ್ಕಾರದ ಅನುದಾನವಾದರೆ ಖಾತೆಯಲ್ಲಿ ಬಂದ ಬಡ್ಡಿಯನ್ನೂ ಲೆಕ್ಕಕ್ಕೆ ತೋರಿಸಬೇಕು. ಫೋಟೋ ಬೇಕೇ ಬೇಕು ಅನ್ನುತ್ತಾರೆ, ಕೊಡೋಣ. ಆದರೆ ಊಟದ ತಟ್ಟೆ ಹಿಡಿದು ಕೈ ಚಾಚಿರುವ ಅಜ್ಜಿಯ ಫೋಟೋ ಬೇಡ. ಆಕೆ ನಿಮ್ಮ ಮನೆಯ ಹಿರಿಯಳಾಗಿದ್ದರೆ ಹೇಗೆ ತೆಗೆಯುತ್ತಿದ್ದಿರೋ ಹಾಗೆ ತೆಗೆಯಿರಿ.

ಹಾಗೆಯೇ ಹಣ ಕೊಡುವವರಿಗೆ ಇಷ್ಟವಾಗಲಿ ಅಂತ ನಿಮ್ಮ ಕೆಲಸವನ್ನೇ ಬದಲಾಯಿಸಬೇಡಿ. ಊಟ ಹಾಕುವವರು ಕಂಪ್ಯೂಟರ್ ತರಬೇತಿ ಅಂತ ಬರೆದು ಹಣ ತಂದರೆ, ಕೊನೆಗೆ ಊಟವೂ ನಿಲ್ಲುತ್ತದೆ, ಕಂಪ್ಯೂಟರ್ ಮೇಲೆ ದೂಳೂ ಕೂರುತ್ತದೆ. ಮಳವಳ್ಳಿ ತಾಲ್ಲೂಕು ದಾಸನದೊಡ್ಡಿಯ ಕಾಮೇಗೌಡರು ಯಾರ ಅನುದಾನಕ್ಕೂ ಕಾಯದೆ, ಕುರಿ ಮಾರಿದ ಹಣವನ್ನೂ ಹಾಕಿ, ಕುಂದೂರು ಬೆಟ್ಟದಲ್ಲಿ ಪ್ರಾಣಿ ಪಕ್ಷಿಗಳಿಗೆ ಅಂತ ಕಟ್ಟೆಗಳನ್ನು ತೋಡಿದರು. ಅವರಿಗೆ ಏನು ಮಾಡಬೇಕು ಅನ್ನೋದು ಸ್ಪಷ್ಟವಿತ್ತು. ಆ ಸ್ಪಷ್ಟತೆ ಅರ್ಜಿಯಲ್ಲಿ ಬಂದರೆ ಸಾಕು ಅಂತ ನಾನು ಪ್ರತಿ ಸಲ ಅಂದುಕೊಳ್ಳುತ್ತೇನೆ.

ಮತ್ತೆ ಆ ಐದು ಜನರ ವಿಷಯ. ಲೆಕ್ಕ ಇದೆಯಾ ಅಂತ ಕೇಳಿದ್ದಕ್ಕೆ ಭಾನುವಾರ "ಲೆಕ್ಕ ಗಿಕ್ಕ ಏನೂ ಇಲ್ಲ ಕಣಕ್ಕ, ಎಲ್ಲಾ ನಂಬಿಕೆ ಮ್ಯಾಲೆ ನಡೀತದೆ" ಅಂದಿದ್ದರು. ಬುಧವಾರ ಅವರಲ್ಲಿ ಒಬ್ಬಾಕೆ ಒಬ್ಬರೇ ಬಂದರು. ಟೈಲರಿಂಗ್ ಮಾಡುವವರು, ಭಾನುವಾರ ಒಂದು ಮಾತೂ ಆಡಿರಲಿಲ್ಲ. ಬ್ಯಾಗಿನಿಂದ ಹಳೆಯ ಡೇರಿ ಪುಸ್ತಕಗಳ ಕಟ್ಟು ತೆಗೆದರು. ಖಾಲಿ ಉಳಿದ ಹಾಳೆಗಳಲ್ಲಿ ದಿನದಿನದ ಖರ್ಚು, ಯಾರ ಮನೆಯಿಂದ ಎಷ್ಟು ಸೇರು ರಾಗಿ ಬಂತು, ಯಾವ ಅಜ್ಜ ಯಾವತ್ತು ಊಟ ಬೇಡ ಅಂದರು, ಎಲ್ಲ ಅಳತೆ ಬರೆಯುವ ಪೆನ್ಸಿಲ್‌ನಲ್ಲಿ ಬರೆದಿಟ್ಟಿದ್ದರು. ನಾಲ್ಕು ವರ್ಷದ್ದೂ ಇತ್ತು. ಯಾರೂ ಹೇಳಿರಲಿಲ್ಲ, ಹಾಗೇ ಅಭ್ಯಾಸ ಅಂದರು. ಇಬ್ಬರೂ ಕೂತು ಕೂಡಿದೆವು. ರಾಗಿ, ಅಕ್ಕಿ ಮನೆಮನೆಯಿಂದ ಬರುವುದು ಬಿಟ್ಟು, ಬೇಳೆ, ತರಕಾರಿ, ಗ್ಯಾಸು, ಕ್ಯಾರಿಯರ್ ತೆಗೆದುಕೊಂಡು ಹೋಗುವ ಹುಡುಗನ ಪೆಟ್ರೋಲು ಸೇರಿ ಈಗ ಒಂದು ಊಟಕ್ಕೆ 28 ರೂಪಾಯಿ ಬೀಳುತ್ತಿದೆ. 12 ಜನಕ್ಕೆ ಒಂದು ವರ್ಷಕ್ಕೆ 1,22,640.

25 ಲಕ್ಷದ ಆ ಅರ್ಜಿಯನ್ನು ಮಡಚಿ ಪಕ್ಕಕ್ಕಿಟ್ಟು ಹೊಸ ಹಾಳೆ ತೆಗೆದೆ. ಮೊದಲ ಸಾಲು ಏನು ಬರೆಯೋಣ ಅಂತ ಕೇಳಿದೆ. ಸ್ವಲ್ಪ ಹೊತ್ತು ಯೋಚನೆ ಮಾಡಿ ಅವರೇ ಹೇಳಿದರು, ನಾನು ಬರೆದುಕೊಂಡೆ: "ನಮ್ಮೂರಿನಲ್ಲಿ ಒಂಟಿಯಾಗಿರುವ 12 ಜನ ಹಿರಿಯರಿಗೆ ನಾವು ನಾಲ್ಕು ವರ್ಷದಿಂದ ದಿನಾ ಮಧ್ಯಾಹ್ನ ಊಟ ಕೊಡುತ್ತಿದ್ದೇವೆ."